ಅಪ್ಪಯ್ಯನಿಗೆ ತೋಟದ ಸುದ್ದಿ ಹೇಳಲೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಸ್ಟ್ರೋಕ್ ಆಗಿ ಅಪ್ಪಯ್ಯ ಹಾಸಿಗೆ ಹಿಡಿದಿದ್ದಾರೆ. ಮಾತು, ನೆನಪು ಚೆನ್ನಾಗಿದೆ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಅರ್ಧ ಹಾಳಾಗಿರುವುದು ಅವರಿಗೆ ಗೊತ್ತಿಲ್ಲ. ದಿನಾ ತೋಟದ ವಿಷಯ ಕೇಳುತ್ತಾರೆ. ಅಣ್ಣ ಮೊಬೈಲ್‌ನಲ್ಲಿ ಹಳೇ ಫೋಟೊ ತೋರಿಸುತ್ತಾನೆ. ಅವರಿಗೆ ಖುಷಿಯೋ ಖುಷಿ. 'ನೆಮ್ಮದಿಯಾಗಿರಲಿ, ಬಾಯಿ ಬಿಡಬೇಡ' ಅಂತಾರೆ ಅಮ್ಮ. ನನಗೆ ಅಪ್ಪಯ್ಯನ ಮುಖ ನೋಡೋಕೇ ಆಗ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಸುಖವೇ ಒಳಿತಿನ ಅಳತೆ ಎಂದು 1861ರಲ್ಲಿ ವಾದಿಸಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ಅನುಕೂಲಕ್ಕೆ ಹೇಳುವ ಸುಳ್ಳು ನಂಬಿಕೆಯನ್ನೇ ಸಡಿಲಿಸುತ್ತದೆ ಎಂದು ಎಚ್ಚರಿಸಿದ್ದರು. ಆದರೂ ಜೀವಕ್ಕೆ ಅಪಾಯ ಇರುವ ರೋಗಿಯಿಂದ ಕೆಟ್ಟ ಸುದ್ದಿ ಮುಚ್ಚಿಡಬಹುದು ಅಂದಿದ್ದರು. ಅಪ್ಪಯ್ಯ ಈಗ ಆ ಸ್ಥಿತಿಯಲ್ಲಿದ್ದಾರಾ? ಅದನ್ನು ಡಾಕ್ಟರ್ ಹೇಳಬೇಕು. ಮೊದಲು ಅವರನ್ನು ಕೇಳಿ.

ತಡೆದುಕೊಳ್ಳುತ್ತಾರೆ ಅಂತ ಡಾಕ್ಟರ್ ಹೇಳಿದರೆ, ಹೇಳಿಬಿಡಿ. ಫೋಟೊ ತೋರಿಸುವುದನ್ನಂತೂ ಇವತ್ತೇ ನಿಲ್ಲಿಸಿ. ಸುಮ್ಮನಿರುವುದು ಬೇರೆ, ಇಲ್ಲದ ತೋಟ ತೋರಿಸುವುದು ಬೇರೆ. ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಒಂದು ಯಂತ್ರವನ್ನು ಕಲ್ಪಿಸಿಕೊಂಡರು. ಅದರೊಳಗೆ ಮಲಗಿದರೆ ಬೇಕಾದ ಸುಖವೆಲ್ಲ ಸಿಗುತ್ತದೆ, ಯಾವುದೂ ನಿಜವಲ್ಲ. ಅಂಥ ಸುಖ ನಮಗೆ ಸಾಲದು ಎಂಬುದು ಅವರ ವಾದ. ಆ ಯಂತ್ರ ಬೇಕಾ ಅಂತ ನಿಮ್ಮ ಅಪ್ಪಯ್ಯನನ್ನು ಯಾರೂ ಕೇಳಿಲ್ಲ, ಅಲ್ವಾ?

ನನಗೆ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ವರ್ಷ ವರ್ಷ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಕೊಳೆ ರೋಗಕ್ಕೆ ಔಷಧಿ ಹೊಡೆಸಿದವರು ಅವರು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಮೂಲೆಗೆ ಬಿಸಿಲು ಬೀಳುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಚುಕ್ಕಿ ಬಿದ್ದ ಸೋಗೆ ಕತ್ತರಿಸಿ ಸುಡುವುದೋ, ಮರ ತೆಗೆಸಿ ಹೊಸ ಸಸಿ ಇಡುವುದೋ? ತೋಟ ಅವರದ್ದು. ಸುಳ್ಳು ಹೇಳಿದಾಗ ಅವರ ದುಃಖದ ಜೊತೆ ಯಜಮಾನಿಕೆಯನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಅಡಿಕೆ ಕೊನೆ ಇಳಿಸುವ ಕೊನೆಗೌಡನೋ ನೆಂಟರೋ ನೋಡಲು ಬಂದವರು ಒಂದಲ್ಲ ಒಂದು ದಿನ ಬಾಯಿ ತಪ್ಪಿ ಹೇಳಿಯೇ ಹೇಳುತ್ತಾರೆ. ಆಮೇಲೆ 'ಹುಷಾರಾಗ್ತೀರಿ ಅಪ್ಪಯ್ಯ' ಎಂಬ ನಿಮ್ಮ ಮಾತನ್ನೂ ಅವರು ನಂಬಲಿಕ್ಕಿಲ್ಲ.

ಮೊದಲು ಅಮ್ಮನನ್ನು ಒಪ್ಪಿಸಿ, ಅವರೂ ಪಕ್ಕದಲ್ಲಿರಲಿ. 'ತೋಟಕ್ಕೆ ಎಲೆಚುಕ್ಕಿ ಬಂದಿದೆ ಅಪ್ಪಯ್ಯ, ಏನು ಮಾಡೋಣ?' ಅಂತ ಶುರು ಮಾಡಿ. ಅವರು ಕೇಳಿದಷ್ಟಕ್ಕೆ ಉತ್ತರ ಕೊಡಿ. ಸಾಲದ ಲೆಕ್ಕ ಅವತ್ತೇ ತೆಗೆಯಬೇಡಿ. ಅತ್ತರೆ ಅಳಲಿ, ತಡೆಯಬೇಡಿ. ಹಳೇ ಫೋಟೊ ಯಾಕೆ ತೋರಿಸಿದಿರಿ ಅಂತ ಕೇಳಿದರೆ ಅದಕ್ಕೂ ನಿಜವನ್ನೇ ಹೇಳಿ: ನೀವು ನಗುವುದು ನೋಡಬೇಕಿತ್ತು ಅಂತ.