ಹಗುರವಾದ ಸೈಕಲ್ ಕೊಂಡರೆ ಗುಂಪಿನಲ್ಲಿ ಹಿಂದೆ ಬೀಳುವುದು ತಪ್ಪುತ್ತದೆಯೇ?

ಗೆಳೆಯರೊಡನೆ ಬಳ್ಳಾರಿಯಿಂದ ಸಂಡೂರಿಗೆ ಹೊರಟರೆ ತೋರಣಗಲ್ಲು ಬರುವಷ್ಟರಲ್ಲಿ ಹಿಂದೆ ಉಳಿಯುತ್ತೀರಿ, ಅದಕ್ಕೆ ಒಂದೂವರೆ ಲಕ್ಷದ ಕಾರ್ಬನ್ ಸೈಕಲ್ ಪರಿಹಾರವೇ ಎಂದು ಕೇಳಿದ್ದೀರಿ. ಅಲ್ಲ. ಇದೇ ರಸ್ತೆಗಾಗಿ, ಇದೇ ಆಸೆಯಿಂದ ನಾನು ಅಂಥದ್ದೊಂದನ್ನು ಕೊಂಡೆ. ಕೊಂಡ ವರ್ಷವೇ ಕುಡುತಿನಿಯ ಹತ್ತಿರ ಬಿದ್ದು ಎಡಹೆಗಲಿನ ಕಾಲರ್ ಬೋನ್ ಮುರಿದುಕೊಂಡೆ.

ಅದು 2022ರ ಜುಲೈ. ದಿನಕ್ಕೊಂದು ಹಂತದಂತೆ ಸುಮಾರು ಮೂರು ವಾರ ಸಾಗುವ ಫ್ರಾನ್ಸಿನ ಸೈಕಲ್ ಸ್ಪರ್ಧೆ ಟೂರ್ ದ ಫ್ರಾನ್ಸ್ ನಡೆಯುತ್ತಿತ್ತು. ಅದರ ಹೆಚ್ಚಿನ ಹಂತಗಳು ನಮ್ಮ ಗಡಿಯಾರಕ್ಕೆ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಮುಗಿಯುತ್ತವೆ. ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದು, ಊಟ ಮಾಡುತ್ತ ಕೊನೆಯ ಅರ್ಧ ಗಂಟೆಯನ್ನು ಮಾತ್ರ ನಾನು ನೋಡುತ್ತಿದ್ದೆ. ಆ ಅರ್ಧ ಗಂಟೆಯಲ್ಲಿ ಕಾಣುವುದೆಲ್ಲ ದಾಳಿಯೇ: ಒಬ್ಬ ಸೀಟಿನಿಂದೆದ್ದು ಮುಂದೆ ಚಿಮ್ಮುತ್ತಾನೆ, ಇನ್ನೊಬ್ಬ ಅವನನ್ನು ಬೆನ್ನಟ್ಟುತ್ತಾನೆ. ಸೈಕಲ್ ಓಡಿಸುವುದೆಂದರೆ ಅದೇ ಎಂದು ನಾನು ತಿಳಿದುಕೊಂಡಿದ್ದೆ. ಅದಕ್ಕೂ ಮೊದಲು ನಾಲ್ಕು ಗಂಟೆ ಕಾಲ ಆ ಸವಾರರು ಏನು ಮಾಡುತ್ತಿದ್ದರು ಎಂಬುದನ್ನು ಒಮ್ಮೆಯೂ ನೋಡಿರಲಿಲ್ಲ.

ಆ ವಾರದ ಭಾನುವಾರ ಬೆಳಗಿನ ಜಾವ ಬರೀ ಚಹಾ ಕುಡಿದು ಹೊರಟೆವು. ಬಳ್ಳಾರಿಯಿಂದ ತೋರಣಗಲ್ಲು ಸರಿಸುಮಾರು ನೇರ ಪಶ್ಚಿಮಕ್ಕಿದೆ, ಅಲ್ಲಿಂದ ಸಂಡೂರಿನ ದಾರಿ ನೈರುತ್ಯಕ್ಕೆ ತಿರುಗುತ್ತದೆ; ಹಾಗಾಗಿ ಆಷಾಢದ ಗಾಳಿ ಹೋಗುವ ದಾರಿಯುದ್ದಕ್ಕೂ ಎದುರಿಗೇ ಬಡಿಯುತ್ತದೆ. ಹೊಸ ಸೈಕಲ್ಲಿನ ಹುಮ್ಮಸ್ಸಿನಲ್ಲಿ ನಾನು ಎಲ್ಲರಿಗಿಂತ ಮುಂದೆ ನಿಂತೆ. ನಮ್ಮ ಗುಂಪಿನ ಹಿರಿಯರೊಬ್ಬರು ಪಕ್ಕಕ್ಕೆ ಬಂದು, "ತಮ್ಮಾ, ಗಾಳಿ ಭಾಳ ಐತಿ, ನನ್ನ ಗಾಲಿ ಹಿಂದ ಬಾ" ಎಂದು ಕರೆದರು. ನಾನು ಹೋಗಲಿಲ್ಲ. ಯಾರಾದರೂ ಮುಂದೆ ಹೋದರೆ ಬೆನ್ನಟ್ಟಿ ಹಿಡಿದೆ, ಹಿಡಿದ ಮೇಲೆ ದಾಟಿದೆ.

ನನ್ನ ತಪ್ಪು ಏನೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಿದ್ದ ಮೇಲೂ ಬಹಳ ದಿನ ನಾನು ಅದನ್ನು ಬೇರೆಲ್ಲೋ ಹುಡುಕುತ್ತಿದ್ದೆ. ವೇಗವಾಗಿ ಹೋದದ್ದು ತಪ್ಪಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ನಾವು ತುಳಿಯುವ ಬಲದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವನ ಗಾಲಿಯ ಹಿಂದೆ ಸರಿಯಾಗಿ ಕುಳಿತವನಿಗೆ ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಉಳಿಯುತ್ತದೆ. ಆ ಉಳಿತಾಯವನ್ನು ನಾನು ಬೇಡವೆಂದೆ. ಜೊತೆಗೆ ಏನನ್ನೂ ತಿನ್ನಲಿಲ್ಲ. ಜೋರಾಗಿ ತುಳಿಯುತ್ತಿದ್ದರೆ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟಿರುವ ಗ್ಲೈಕೋಜನ್ ಎಂಬ ಇಂಧನ ಒಂದೂವರೆ–ಎರಡು ಗಂಟೆಗಳಲ್ಲಿ ಬರಿದಾಗುತ್ತ ಬರುತ್ತದೆ. ಆಮೇಲೆ ರಕ್ತದಲ್ಲಿನ ಸಕ್ಕರೆಯೂ ಇಳಿದಾಗ ಕಾಲುಗಳ ಜೊತೆ ತಲೆಯೂ ಮಂಕಾಗುತ್ತದೆ. ಸಂಡೂರು ದಾಟಿ ಕುಮಾರಸ್ವಾಮಿ ಬೆಟ್ಟದ ಏರು ಆರಂಭವಾಗುವ ಹೊತ್ತಿಗೆ ನನಗೆ ಆದದ್ದು ಅದೇ. ಸೈಕಲ್ ಇಳಿದು ತಳ್ಳಿಕೊಂಡು ಹೋದೆ. ಮೇಲೆ ತಲುಪಿ ಬರೀ ನೀರು ಕುಡಿದೆ.

ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗಿತ್ತು, ವೇಗ ನಲವತ್ತು ದಾಟಿತ್ತು. ಈಗ ಸುಸ್ತಾಗಿ ಒಬ್ಬ ಗೆಳೆಯನ ಹಿಂದೆ ಸೇರಿಕೊಂಡೆ. ಆದರೆ ತಲೆ ತೂಗುತ್ತಿದ್ದುದರಿಂದ ನನ್ನ ಮುಂಗಾಲಿ ಅವನ ಹಿಂಗಾಲಿಯ ಪಕ್ಕಕ್ಕೆ ಒಂದು ಗೇಣಿನಷ್ಟು ನುಗ್ಗಿರುವುದು ನನಗೆ ತಿಳಿಯಲೇ ಇಲ್ಲ. ಅದಿರಿನ ಲಾರಿಯಿಂದ ಬಿದ್ದಿದ್ದ ಕಲ್ಲೊಂದನ್ನು ತಪ್ಪಿಸಲು ಅವನು ಸ್ವಲ್ಪ ಸರಿದ. ಗಾಲಿಗೆ ಗಾಲಿ ತಾಗಿತು. ಹೀಗೆ ತಾಗಿದಾಗ ಹಿಂಗಾಲಿಗೆ ತಾಗಿಸಿಕೊಂಡ ಮುಂದಿನವನು ಸಾಮಾನ್ಯವಾಗಿ ಬೀಳುವುದಿಲ್ಲ. ಮುಂಗಾಲಿಯ ಹಿಡಿತ ತಪ್ಪಿದವನೇ ನೆಲ ಕಚ್ಚುತ್ತಾನೆ. ಆಸ್ಪತ್ರೆಯಲ್ಲಿ ಜೆರ್ಸಿಯನ್ನು ಕತ್ತರಿಸಿ ತೆಗೆದಾಗ ಬೆನ್ನಿನ ಜೇಬಿನಲ್ಲಿ ಮನೆಯಿಂದ ತಂದಿದ್ದ ಸುಗಂಧಿ ಬಾಳೆಹಣ್ಣುಗಳು ಸಿಪ್ಪೆ ಸಮೇತ ಜಜ್ಜಿಹೋಗಿದ್ದವು.

ಕೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಕುಳಿತ ದಿನಗಳಲ್ಲಿ, ಜುಲೈ 13ರ 11ನೇ ಹಂತವನ್ನು ಆರಂಭದಿಂದ ನೋಡಿದೆ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿದ್ದು ಹಳದಿ ಜೆರ್ಸಿ ತೊಟ್ಟಿದ್ದ ತಾದೇಯ್ ಪೊಗಾಚಾರ್ ಮೇಲೆ ಗಾಲಿಬಿಯೇ ಏರಿನ ಹೊತ್ತಿಗೆ ಒಂದೇ ತಂಡದವರಾದ ಯೋನಾಸ್ ವಿಂಗೆಗೋರ್ ಮತ್ತು ಪ್ರಿಮೋಜ್ ರೋಗ್ಲಿಚ್ ಸರದಿಯಂತೆ ದಾಳಿ ಮಾಡಿದರು, ಪೊಗಾಚಾರ್ ಪ್ರತಿಯೊಂದಕ್ಕೂ ತಾನೇ ಉತ್ತರ ಕೊಟ್ಟ. ಕೊನೆಯ ಏರಾದ ಕೋಲ್ ದು ಗ್ರಾನೋನಿನಲ್ಲಿ ವಿಂಗೆಗೋರ್ ಹೊರಟಾಗ ಪೊಗಾಚಾರ್‌ನಲ್ಲಿ ಉತ್ತರ ಉಳಿದಿರಲಿಲ್ಲ. 2 ನಿಮಿಷ 51 ಸೆಕೆಂಡ್ ಹಿಂದೆ ಬಿದ್ದ, ಆ ವರ್ಷದ ಟೂರನ್ನೂ ಕಳೆದುಕೊಂಡ. ಅವನ ಸೈಕಲ್ಲಿಗೆ ಏನು ಕೊರತೆಯಿತ್ತು? ವೃತ್ತಿಪರ ಸ್ಪರ್ಧೆಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರವಾಗಿರಬಾರದು ಎಂಬ ನಿಯಮವಿದೆ. ಗೆಲ್ಲುವವನೂ, ಅವನಿಗೆ ನೀರಿನ ಬಾಟಲಿ ತಂದುಕೊಟ್ಟು ಅರ್ಧ ಗಂಟೆ ತಡವಾಗಿ ಬರುವ ಸಹಸವಾರನೂ ಹೆಚ್ಚು ಕಡಿಮೆ ಒಂದೇ ಬಗೆಯ ಸೈಕಲ್ ಮೇಲಿರುತ್ತಾರೆ.

ಆದ್ದರಿಂದ ಒಂದು ಹಂತವನ್ನಾದರೂ ಸಂಜೆಯಿಂದಲೇ ಪೂರ್ತಿ ನೋಡಿ, ಮುಂದಿರುವವರನ್ನು ಬಿಟ್ಟು ನಡುವೆ ಅಡಗಿರುವವರನ್ನು ಗಮನಿಸಿ. ಅವರ ಕೈ ಮತ್ತೆ ಮತ್ತೆ ಬೆನ್ನಿನ ಜೇಬಿಗೆ ಹೋಗುತ್ತಿರುತ್ತದೆ. ಗಂಟೆಗೆ 90 ಗ್ರಾಂ, ಕೆಲವರು ಅದಕ್ಕೂ ಹೆಚ್ಚು ಕಾರ್ಬೋಹೈಡ್ರೇಟ್ ತಿನ್ನುತ್ತಾರೆ. ನಮಗೆ ಅಷ್ಟು ಬೇಡ. ಗಂಟೆಗೆ ಎರಡು ಬಾಳೆಹಣ್ಣು, ಇಲ್ಲವೇ ಒಂದು ಹಣ್ಣು ಮತ್ತು ಒಂದು ತುಂಡು ಬೆಲ್ಲ, ಬಾಟಲಿಯಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ಸಾಕು. ಹಸಿವಾಗುವ ಮೊದಲೇ, ಹೊರಟ ಅರ್ಧ ಗಂಟೆಗೇ ತಿನ್ನಲು ತೊಡಗಿ. ತೋರಣಗಲ್ಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಏರು ಹತ್ತುವವರನ್ನು ಕಂಡಿದ್ದೇನೆ. ಅದು ನನಗೂ ಪ್ರಿಯ, ಆದರೆ ಆ ಎಣ್ಣೆಯನ್ನು ಹಿಂದಿರುಗುವಾಗ ತಿನ್ನುವುದು ವಾಸಿ.

ಹಿಂದೆ ಬೀಳುವುದು ನಿಮ್ಮೊಬ್ಬರ ಕೊರತೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ಜೊತೆಯಾಗಿ ಹೊರಟವರು ಎದುರುಗಾಳಿಯಲ್ಲಿ ಒಬ್ಬನನ್ನು ಬಿಟ್ಟು ಹೋದರೆ ಅವರಿಗೆ ಗುಂಪಿನಲ್ಲಿ ಸೈಕಲ್ ಓಡಿಸಲು ಬರುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಗಾಳಿಗೆ ಮುಂದೆ ನಿಲ್ಲುವ ಸರದಿಯನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ: ಬಲವಿದ್ದವರಿಗೆ ಐದು ನಿಮಿಷ, ನಿಮಗೆ ಒಂದೇ ನಿಮಿಷ. ಸರದಿ ಮುಗಿದ ಕೂಡಲೇ ಸಾಲಿನ ಕೊನೆಗೆ ಹೋಗಿ, ಮುಂದಿನವನ ಗಾಲಿಯಿಂದ ಒಂದು ಮೀಟರ್ ಅಂತರವಿಟ್ಟು, ಅವನ ಗಾಲಿಯನ್ನಲ್ಲ, ಅವನ ಭುಜದಾಚೆಯ ರಸ್ತೆಯನ್ನು ನೋಡುತ್ತ ಕುಳಿತುಕೊಳ್ಳಿ.

ಹಣ ಖರ್ಚು ಮಾಡಲೇಬೇಕೆನಿಸಿದರೆ ಒಳ್ಳೆಯ ಹೆಲ್ಮೆಟ್ ಮತ್ತು ಟೈರುಗಳನ್ನು ಕೊಳ್ಳಿ. ನಮ್ಮ ರಸ್ತೆಬದಿಯ ಬಳ್ಳಾರಿ ಜಾಲಿಯ ಮುಳ್ಳು ತೆಳ್ಳನೆಯ ರೇಸಿಂಗ್ ಟೈರನ್ನು ಸಲೀಸಾಗಿ ತೂರಿ ಟ್ಯೂಬನ್ನು ತಲುಪುತ್ತದೆ, ಮುರಿದ ತುದಿ ಒಳಗೇ ಉಳಿದರೆ ಹೊಸ ಟ್ಯೂಬೂ ಹೋಗುತ್ತದೆ. ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ.