‘ಸಿನ್ಸ್ ತ್ರೀ ಡೇಸ್’ ಎಂಬ ಜ್ವರ

ಪ್ರಶ್ನೆ: ರಜೆ ಚೀಟಿಯಲ್ಲಿ ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂದು ಬರೆದಿದ್ದೆ. ಮೇಷ್ಟ್ರು ‘ಸಿನ್ಸ್’ ಕೆಳಗೆ ಕೆಂಪು ಗೀಟು ಹಾಕಿದರು. ತಪ್ಪೇನು?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಿಂಗಳಿಗೊಮ್ಮೆ ಯಾರಾದರೂ ಇದನ್ನೇ ಕೇಳುತ್ತಾರೆ. 25 ವರ್ಷ ರಜೆ ಚೀಟಿ ತಿದ್ದಿದವನು ನಾನು. ಹುಡುಗರ ಜ್ವರ ಇಳಿಯುತ್ತದೆ, ಈ ‘ಸಿನ್ಸ್’ ಇಳಿಯುವುದಿಲ್ಲ.

ತಪ್ಪಿನ ಬೇರು ನಮ್ಮ ‘ಇಂದ’ದಲ್ಲಿದೆ. ‘ಸೋಮವಾರದಿಂದ ಜ್ವರ’ ಅನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಅಂತಲೂ ಅನ್ನುತ್ತೇವೆ. ಒಂದೇ ‘ಇಂದ’ ಎರಡು ಕಡೆ ದುಡಿಯುತ್ತದೆ. ಇಂಗ್ಲಿಷ್‌ನಲ್ಲಿ ಇಬ್ಬರು ಬೇಕು. ಶುರುವಾದ ದಿನ ಹೇಳಿದರೆ ಸಿನ್ಸ್: ‘ಸಿನ್ಸ್ ಮಂಡೇ’. ಎಷ್ಟು ದಿನ ಅಂತ ಲೆಕ್ಕ ಕೊಟ್ಟರೆ ಫಾರ್: ‘ಫಾರ್ ತ್ರೀ ಡೇಸ್’. ‘ಸಿನ್ಸ್ ಲಾಸ್ಟ್ ತ್ರೀ ಡೇಸ್’ ಎಂದು ನಡುವೆ ‘ಲಾಸ್ಟ್’ ತುರುಕಿದರೂ ತಪ್ಪು ತಪ್ಪೇ. ಅನುಮಾನ ಬಂದರೆ ಕನ್ನಡದಲ್ಲೇ ಕೇಳಿಕೊಳ್ಳಿ. ‘ಯಾವತ್ತಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್, ‘ಎಷ್ಟು ದಿನದಿಂದ?’ ಎಂಬುದಕ್ಕಾದರೆ ಫಾರ್.

ನಿಮ್ಮ ಮೇಷ್ಟ್ರು ಇನ್ನೊಂದು ಗೀಟು ಹಾಕಬೇಕಿತ್ತು. ‘ಮೂರು ದಿನದಿಂದ ನರಳುತ್ತಿದ್ದೇನೆ’ ಅಂದರೆ ಕನ್ನಡಕ್ಕೆ ಸಾಕು. ಇಂಗ್ಲಿಷ್‌ನಲ್ಲಿ ಹಿಂದೆ ಶುರುವಾಗಿ ಇವತ್ತಿಗೂ ಮುಗಿಯದ ವಿಷಯಕ್ಕೆ ‘ಆ್ಯಮ್’, ‘ಈಸ್’ ಸಾಲುವುದಿಲ್ಲ. ನಮ್ಮೂರನ್ನೇ ತಗೊಳ್ಳಿ. ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ‘ದಾವಣಗೆರೆ ಈಸ್ ಅ ಡಿಸ್ಟ್ರಿಕ್ಟ್ ಸಿನ್ಸ್ 1997’ ತಪ್ಪು. ‘ಹ್ಯಾಸ್ ಬೀನ್ ಅ ಡಿಸ್ಟ್ರಿಕ್ಟ್ ಸಿನ್ಸ್ 1997’ ಸರಿ, ಯಾಕಂದ್ರೆ ಈಗಲೂ ಜಿಲ್ಲೆಯೇ ಅಲ್ವಾ? ದುರ್ಗದ ಜೊತೆಗಿದ್ದದ್ದು ಮುಗಿದ ಕತೆ. ಅದಕ್ಕೆ ಬರೀ ‘ವಾಸ್’ ಸಾಕು.

ಹಾಗಾಗಿ ನಿಮ್ಮ ಚೀಟಿ: ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್’. ‘ಹ್ಯಾವ್’ ಪಕ್ಕದಲ್ಲೇ ‘ಹ್ಯಾಡ್’ ಕಂಡು ಗಾಬರಿಯಾಗಬೇಡಿ. ‘ಹ್ಯಾವ್ ಬೀನ್ ಸಫರಿಂಗ್’ ಕೂಡ ಸರಿಯೇ. ಆದರೆ ನೆಗಡಿ ಜ್ವರಕ್ಕೆ ಅಷ್ಟೊಂದು ನರಳಾಟ ಜಾಸ್ತಿಯಾಯಿತು.

ಪ್ರಶ್ನೆ: ಹಳೇ ವಿಷಯಕ್ಕೆ ಸಿನ್ಸ್, ಹೊಸದಕ್ಕೆ ಫಾರ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ಉತ್ತರ: ಶುದ್ಧ ಸುಳ್ಳು. ‘ಸಿನ್ಸ್ ದಿಸ್ ಮಾರ್ನಿಂಗ್’ ಹಳೇದೋ? ‘ಫಾರ್ ಅ ಹಂಡ್ರೆಡ್ ಇಯರ್ಸ್’ ಹೊಸದೋ? ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂದು ಲೈಟುಕಂಬಕ್ಕೆ ಚೀಟಿ ಅಂಟಿಸುವವರ ಸರಕು ಇದು. ಅವರಿಗೆ ಕೊಡುವ ದುಡ್ಡಲ್ಲಿ ಬೆಣ್ಣೆ ದೋಸೆ ತಿನ್ನಿ, ಹೊಟ್ಟೆಯಾದರೂ ತುಂಬುತ್ತದೆ.

ಪ್ರಶ್ನೆ: ‘ಡೂ ದ ನೀಡ್‌ಫುಲ್’ ತಪ್ಪಾ?

ಉತ್ತರ: ವ್ಯಾಕರಣದ ತಪ್ಪಲ್ಲ, ಹಳೇ ಕಾಲದ ಮಾತು. ಏನಾಗಬೇಕೋ ನೇರವಾಗಿ ಬರೆಯಿರಿ. ‘ಬೇಕಾದ್ದು ಮಾಡಿ’ ಅಂದರೆ ಯಾವ ಕಚೇರಿಯಲ್ಲೂ ಯಾರೂ ಏನೂ ಮಾಡಲ್ಲ.

ಪ್ರಶ್ನೆ: ‘ರಿವರ್ಟ್ ಬ್ಯಾಕ್’?

ಉತ್ತರ: ‘ರಿಪ್ಲೈ’ ಅನ್ನಿ.

ಪ್ರಶ್ನೆ: ‘ಕೈಂಡ್ಲಿ ಪ್ಲೀಸ್’?

ಉತ್ತರ: ಎರಡರಲ್ಲಿ ಒಂದು ತೆಗೆಯಿರಿ. ಯಾವುದಾದರೂ ಸರಿ.