ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆಯ ಲೆಕ್ಕವನ್ನು ಜನರ ಮುಂದಿಡುವುದು ಹೇಗೆ?

ಪರಿಸರದ ಸಂಗತಿಗಳನ್ನು ಜನರಿಗೆ ತಿಳಿಸುವ ಬಗೆಯನ್ನು ಕೇಳಿ ಉತ್ತರ ಕನ್ನಡ ಜಿಲ್ಲೆಯ ಓದುಗರು ಬರೆದ ನಾಲ್ಕು ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಊರಿನ ಸಭೆಗಳಲ್ಲಿ ಹವಾಮಾನ ಬದಲಾವಣೆಯ ವಿಷಯ ಎತ್ತಿದಾಗಲೆಲ್ಲ ಹಿರಿಯರು, "ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಇದರಲ್ಲಿ ಹೊಸತೇನಿದೆ ತಂಗೀ?" ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಅವರ ಮಾತು ಸರಿಯೆಂದು ಒಪ್ಪಿಕೊಳ್ಳಿ. ಒಂದು ವರ್ಷದ ಮಳೆಗೂ ಇನ್ನೊಂದು ವರ್ಷದ ಮಳೆಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವೇ ವಾಯುಗುಣದ ಬದಲಾವಣೆಯಲ್ಲ. ತೊಡಕು ಹುಟ್ಟುವುದು ನಾವು ಬಳಸುವ ಪದದಿಂದಲೇ ಎಂದು ನನಗೆ ತೋರುತ್ತದೆ. ಆಕಾಶವಾಣಿಯ ಹವಾಮಾನ ವರದಿಯನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ "ಹವಾಮಾನ" ಎಂದರೆ ಇಂದಿನ ಮೋಡ, ನಾಳೆಯ ಗಾಳಿ. ಭೂಗೋಳದ ಪಠ್ಯಗಳಲ್ಲಿ "ವಾಯುಗುಣ" ಎಂಬ ಬೇರೆಯೇ ಪದವಿದೆ. ಒಂದು ಪ್ರದೇಶದ ಮಳೆ, ಬಿಸಿಲು, ತೇವಾಂಶಗಳು ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯಲ್ಲಿ ಹೇಗಿವೆ ಎಂಬುದನ್ನು ಅದು ಸೂಚಿಸುತ್ತದೆ. ಪತ್ರಿಕೆಗಳಲ್ಲಿ ಈ ಎರಡೂ ಅರ್ಥಗಳು "ಹವಾಮಾನ ವೈಪರೀತ್ಯ" ಎಂಬ ಒಂದೇ ಮಾತಿನಲ್ಲಿ ಕಲಸಿಹೋಗಿವೆ. "ಹವಾಮಾನ ಬದಲಾಗುತ್ತಿದೆ" ಎಂದು ನೀವು ಹೇಳಿದಾಗ, ದಿನವೂ ಬದಲಾಗುವುದೇ ಹವಾಮಾನವಲ್ಲವೇ ಎಂದು ಅವರು ಕೇಳಿದರೆ ಅದು ಅವರ ಅಜ್ಞಾನವಲ್ಲ, ಕನ್ನಡವನ್ನು ಸರಿಯಾಗಿ ಬಲ್ಲವರ ಸಹಜ ಪ್ರತಿಕ್ರಿಯೆ. "ಮಳೆಗಾಲದ ಸ್ವಭಾವ ಬದಲಾಗಿದೆಯೇ, ನೋಡೋಣ" ಎಂದು ಮಾತು ತೆಗೆದರೆ ಚರ್ಚೆ ಬೇರೆ ದಾರಿ ಹಿಡಿಯುತ್ತದೆ.

ಏಕೆಂದರೆ ಮಳೆಗಾಲದ ಸ್ವಭಾವವನ್ನು ಅವರಷ್ಟು ಹತ್ತಿರದಿಂದ ಕಂಡವರು ಯಾರೂ ಇಲ್ಲ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಹೆಸರಿಟ್ಟು ಮಳೆಯನ್ನು ಗುರುತಿಸಿದವರು ಅವರು. ಅಡಿಕೆ ಬೆಳೆಗಾರರಿಗಂತೂ ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ನಡುವೆ ಎಷ್ಟು ದಿನ ಹೊಳವಾಯಿತು, ಅಂದರೆ ಮಳೆ ಬಿಡುವು ಕೊಟ್ಟಿತು, ಎಂಬುದೇ ಮುಖ್ಯ. ಮಳೆ ಹಿಡಿಯುವ ಮೊದಲು ಒಮ್ಮೆ ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು, ನಲವತ್ತು ನಲವತ್ತೈದು ದಿನಗಳ ನಂತರ ಎರಡನೆಯ ಸಲ ಹೊಡೆಯಬೇಕೆಂದರೆ, ಕೊನೆಗೌಡರು ಮರ ಏರುವುದಕ್ಕೂ ಔಷಧಿ ಗೊನೆಗೆ ಹಿಡಿಯುವುದಕ್ಕೂ ಒಣ ಹೊತ್ತು ಬೇಕು. ಬಿಡುವಿಲ್ಲದೆ ಮಳೆ ಸುರಿದರೆ ಕೊಳೆ ರೋಗ ತೋಟದಿಂದ ತೋಟಕ್ಕೆ ದಾಟುತ್ತದೆ. ಹೀಗಾಗಿ "ಎರಡನೆಯ ಔಷಧಿಗೆ ಹೊಳ ಸಿಗುವುದು ಮೊದಲಿನಷ್ಟು ಸುಲಭವೇ?" ಎಂಬ ಪ್ರಶ್ನೆಯನ್ನು ನೀವೇ ಅವರಿಗೆ ಕೇಳಿ. ಮಲೆನಾಡಿನ ಅನೇಕ ಮನೆಗಳಲ್ಲಿ ಅಂಗಳದ ಮಳೆಮಾಪಕದ ಅಳತೆಯನ್ನು ದಿನವೂ ಬರೆದಿಡುವ ಅಭ್ಯಾಸವಿದೆ. ಆ ಪುಸ್ತಕಗಳನ್ನು ಶಾಲೆಗೆ ತರಿಸಿ, ಒಂದೇ ದಿನದಲ್ಲಿ ನಾಲ್ಕು ಇಂಚಿಗಿಂತ ಹೆಚ್ಚು ಮಳೆ ಬಿದ್ದ ದಿನಗಳನ್ನು ಹತ್ತು ಹತ್ತು ವರ್ಷಗಳ ಗುಂಪು ಮಾಡಿ ಮಕ್ಕಳಿಂದಲೇ ಎಣಿಸಿರಿ. ಒಂದು ಮನೆಯ ಪುಸ್ತಕದಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಅದನ್ನೂ ಸಭೆಯಲ್ಲಿ ಹಾಗೆಯೇ ಹೇಳಿ, ಏಕೆ ಒಂದೇ ಅಂಗಳದ ಲೆಕ್ಕ ಸಾಲದು ಎಂಬುದನ್ನು ವಿವರಿಸಿ. ನಮಗೆ ಬೇಕಾದ ಅಂಕಿಯನ್ನು ಮಾತ್ರ ಆರಿಸಿ ತೋರಿಸಿದರೆ ಆ ಊರಿನ ವಿಶ್ವಾಸವನ್ನು ಮತ್ತೆ ಗಳಿಸುವುದು ಬಹಳ ಕಷ್ಟ.

ಜಗತ್ತಿನ ಮಾತು ಬರಬೇಕಾದದ್ದು ಇದಾದ ನಂತರ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು ಎಂದಷ್ಟೇ ಹೇಳಿ ನಿಲ್ಲಿಸಿದರೆ, ಬೆಳಗಿನಿಂದ ಮಧ್ಯಾಹ್ನದೊಳಗೆ ಹತ್ತು ಡಿಗ್ರಿ ಏರುವುದನ್ನು ಕಂಡವರಿಗೆ ಅದು ಹುರುಳಿಲ್ಲದ ಮಾತಾಗಿ ಕೇಳಿಸುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ, ಅರಬ್ಬೀ ಸಮುದ್ರದ ಮೇಲಿಂದ ಬಂದು ಘಟ್ಟಕ್ಕೆ ತಾಗುವ ಗಾಳಿ ಈಗ ಹೆಚ್ಚು ನೀರು ಹೊತ್ತು ಬರಬಲ್ಲುದು, ಸುರಿಯುವಾಗ ಒಮ್ಮೆಲೇ ಸುರಿಯಬಲ್ಲುದು ಎಂದು ಸೇರಿಸಿದರೆ, ಆ ಒಂದು ಡಿಗ್ರಿಗೂ ತಮ್ಮ ತೋಟಕ್ಕೂ ಇರುವ ಸಂಬಂಧ ಅವರಿಗೆ ಕಾಣುತ್ತದೆ.

ಪ್ರಶ್ನೆ: ನಾನು ಕಾರವಾರದ ಮೀನುಗಾರ ಕುಟುಂಬದ ವಿದ್ಯಾರ್ಥಿ. ರೆಡ್ ಅಲರ್ಟ್, 204 ಮಿಲಿಮೀಟರ್ ಎಂದೆಲ್ಲ ಮೊಬೈಲಿನಲ್ಲಿ ಬರುತ್ತದೆ. ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರಿಗೆ ಹೇಗೆ ತಿಳಿಸಲಿ?

ಉತ್ತರ: ಭಾರತೀಯ ಹವಾಮಾನ ಇಲಾಖೆಯ ವಾಡಿಕೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ ಮಳೆ, 204.5 ದಾಟಿದರೆ ಅತ್ಯಂತ ಭಾರೀ ಮಳೆ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಅಂದರೆ ಕೆಂಪು ಎಚ್ಚರಿಕೆಯ ದಿನ, ಹಳೆಯ ಲೆಕ್ಕದಲ್ಲಿ ಎಂಟು ಇಂಚು ಮಳೆಯಾದರೆ, ಒಂದೇ ಗುಂಟೆ ಜಾಗದ ಮೇಲೆ 20 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ: ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್‌ಗಳಷ್ಟು. ಮನೆಯಂಗಳವನ್ನೇ ತೋರಿಸಿ ಈ ಲೆಕ್ಕ ಹೇಳಿ. ಬಣ್ಣಗಳ ಅರ್ಥವೂ ಸರಳವೇ: ಹಳದಿಯೆಂದರೆ ಸುದ್ದಿಯ ಮೇಲೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿ.

ಆದರೆ ಕಡಲಿಗೆ ಇಳಿಯುವವರಿಗೆ ಮಳೆಯ ಮಿಲಿಮೀಟರಿಗಿಂತ ಗಾಳಿಯ ವೇಗ ಮತ್ತು ಅಲೆಯ ಎತ್ತರ ಹೆಚ್ಚು ಉಪಯುಕ್ತ. ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಅದನ್ನು ನೀಡುತ್ತದೆ. ನಿಮ್ಮ ಮನೆಮಾತು ಕೊಂಕಣಿಯಾಗಿದ್ದರೆ ದಯವಿಟ್ಟು ಕೊಂಕಣಿಯಲ್ಲಿಯೇ ಹೇಳಿ. ಅಪಾಯದ ಸುದ್ದಿಯನ್ನು ಯಾರೂ ಎರಡನೆಯ ಭಾಷೆಯಲ್ಲಿ ಕೇಳಬೇಕಾಗಿ ಬರಬಾರದು. ಎಚ್ಚರಿಕೆ ಕೊಟ್ಟ ದಿನ ಕಡಲು ಶಾಂತವಾಗಿದ್ದುದೂ ಉಂಟು, ನಿಮ್ಮ ತಂದೆಯವರ ಅಸಡ್ಡೆಗೆ ಬಹುಶಃ ಅದೇ ಕಾರಣ. ಶೇಕಡಾ 60 ಸಂಭವ ಎಂದರೆ ಇಂಥದೇ ಹತ್ತು ದಿನಗಳಲ್ಲಿ ಆರು ದಿನ ಆಗುತ್ತದೆ, ನಾಲ್ಕು ದಿನ ಆಗುವುದಿಲ್ಲ ಎಂಬುದನ್ನು ಮುಂಚೆಯೇ ಹೇಳಿಟ್ಟರೆ, ತಪ್ಪಿದ ದಿನ ಇಡೀ ವಿಜ್ಞಾನವೇ ಸುಳ್ಳು ಎನಿಸುವುದಿಲ್ಲ.

ಪ್ರಶ್ನೆ: ಶಿರೂರಿನ ಗುಡ್ಡ ಕುಸಿದದ್ದು ಹವಾಮಾನ ಬದಲಾವಣೆಯಿಂದಲೋ, ಗುಡ್ಡ ಕಡಿದದ್ದರಿಂದಲೋ? ಅಂಕೋಲಾದಲ್ಲಿ ಈಗಲೂ ಇದೇ ವಾದ ನಡೆಯುತ್ತದೆ.

ಉತ್ತರ: 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು, ಮಣ್ಣು ಗಂಗಾವಳಿಯನ್ನು ಹೊಕ್ಕು, ಜೀವಗಳು ಹೋದವು, ಒಂದು ಲಾರಿಯಂತೂ ನದಿಯಲ್ಲಿ ಸಿಕ್ಕದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆ ಮನೆಗಳವರ ಎದುರು ಈ ವಾದವನ್ನು ಜಯಾಪಜಯದ ವಾದವಾಗಿ ಮಾಡಬಾರದು ಎಂದು ಮೊದಲೇ ಹೇಳಬಯಸುತ್ತೇನೆ.

ಗುಡ್ಡ ಕುಸಿಯಲು ಎರಡು ಬಗೆಯ ಕಾರಣಗಳು ಕೂಡಬೇಕು. ಇಳಿಜಾರನ್ನು ಮೊದಲೇ ದುರ್ಬಲಗೊಳಿಸಿದವು ಒಂದು ಬಗೆ: ಬುಡವನ್ನು ನೇರವಾಗಿ ಕಡಿದದ್ದು, ನೀರು ಹರಿದುಹೋಗುವ ದಾರಿ ಮುಚ್ಚಿದ್ದು, ಬೇರು ಹಿಡಿದಿದ್ದ ಮರಗಳನ್ನು ತೆಗೆದದ್ದು. ಆ ದಿನ ಕೆಡವಿದ್ದು ಇನ್ನೊಂದು: ಚಿರೆಕಲ್ಲಿನ ಮಣ್ಣಿನೊಳಗೆ ಇಂಗಿ ತೂಕವನ್ನೂ ಒತ್ತಡವನ್ನೂ ಹೆಚ್ಚಿಸುವ ಮಳೆ. ಒಂದು ನಿರ್ದಿಷ್ಟ ದಿನದ ಮಳೆಯಲ್ಲಿ ವಾಯುಗುಣದ ಪಾಲೆಷ್ಟು ಎಂದು ಹೇಳಲು ಪ್ರತ್ಯೇಕ ಅಧ್ಯಯನ ಬೇಕು. ಅಂಥ ಅಧ್ಯಯನವನ್ನು ಮುಂದಿಡದೆ "ಎಲ್ಲವೂ ಜಾಗತಿಕ ತಾಪಮಾನದಿಂದ" ಎಂದು ಘೋಷಿಸುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಹೇಳಿದರೆ ಇಳಿಜಾರಿನ ಕೋನವನ್ನು ನಿರ್ಧರಿಸಿದವರು, ಕಾಲುವೆ ತೋಡದವರು ಯಾರಿಗೂ ಉತ್ತರ ಕೊಡಬೇಕಾಗುವುದಿಲ್ಲ. ಭಾರೀ ಮಳೆ ಹೆಚ್ಚುವ ಸಾಧ್ಯತೆಯಿರುವ ಕಾಲದಲ್ಲಿ ಗುಡ್ಡ ಕಡಿಯುವವರ ಹೊಣೆ ಮೊದಲಿಗಿಂತ ಹೆಚ್ಚಾಗಿದೆ ಎಂದು ಹೇಳಿದರೆ ಎರಡೂ ಸತ್ಯಗಳು ಒಂದೇ ವಾಕ್ಯದಲ್ಲಿ ನಿಲ್ಲುತ್ತವೆ.

ಪ್ರಶ್ನೆ: ಕುಮಟಾದ ನಮ್ಮ ಯುವಕ ಸಂಘ ಬೀದಿ ನಾಟಕವೊಂದನ್ನು ಸಿದ್ಧಪಡಿಸುತ್ತಿದೆ. ಸಮುದ್ರ ಊರನ್ನು ನುಂಗುವ ದೃಶ್ಯದಿಂದ ಜನರನ್ನು ಬೆಚ್ಚಿಬೀಳಿಸಿದರೆ ಪರಿಣಾಮಕಾರಿಯಾಗುತ್ತದೆಯೇ?

ಉತ್ತರ: ಬೆಚ್ಚಿದವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ನಾಳೆ ತಾವೇನು ಮಾಡಬಹುದು ಎಂಬುದು ನಾಟಕದಲ್ಲಿ ಇಲ್ಲದಿದ್ದರೆ ಭಯವೊಂದೇ ಉಳಿಯುತ್ತದೆ. ನಿಮ್ಮ ಜಿಲ್ಲೆಯದೇ ನಿದರ್ಶನ ನೋಡಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿ ನಿಂತಾಗ ಹುಟ್ಟಿದ ಅಪ್ಪಿಕೋ ಚಳವಳಿ, ಪಾದಯಾತ್ರೆ, ಬೀದಿ ನಾಟಕ, ಯಕ್ಷಗಾನಗಳ ಮೂಲಕ ಊರೂರು ತಲುಪಿತು. ಅದರ ಘೋಷಣೆ "ಉಳಿಸು, ಬೆಳೆಸು, ಬಳಸು" ಎಂದಿತ್ತು. ಮೂರನೆಯ ಪದವನ್ನು ಗಮನಿಸಿ: ಸೊಪ್ಪು, ಸೌದೆ ತರುವವರನ್ನು ಕಾಡಿನ ಶತ್ರುಗಳೆಂದು ಅದು ಹೊರಗಿಡಲಿಲ್ಲ.

ನಿಮ್ಮ ಪಕ್ಕದಲ್ಲಿಯೇ ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯಿದೆ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ) ಬೆಳೆದವರು, ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಹೆಂಗಸರು ಅಲ್ಲಿದ್ದಾರೆ. ಕಡಲು ಏರಿದರೆ ಗಜನಿಯ ಒಡ್ಡು ಎಲ್ಲಿ ಮೊದಲು ಒಡೆಯುತ್ತದೆ, ಉಪ್ಪಿನಂಶ ಬದಲಾದರೆ ಬಳಚು ಏನಾಗುತ್ತದೆ ಎಂಬುದನ್ನು ಅವರಿಂದ ಕೇಳಿ ಬರೆದುಕೊಂಡು ನಾಟಕ ಕಟ್ಟಿ. ಮೊದಲ ಪ್ರದರ್ಶನವನ್ನು ಪೇಟೆಯಲ್ಲಿ ಮಾಡದೆ ಅವರ ದಡದಲ್ಲಿಯೇ, ನೀರು ಏರಿ ಕೆಲಸ ನಿಂತಿರುವ ಹೊತ್ತು ನೋಡಿ ಆಡಿ. ತಪ್ಪಿದ್ದಲ್ಲಿ ಅವರೇ ತಿದ್ದುತ್ತಾರೆ; ತಿದ್ದಿಸಿಕೊಂಡ ಪಾಠವನ್ನೇ ಶಾಲೆಗಳಿಗೆ ಒಯ್ಯಿರಿ.